ಈ ಕವಿತಿ ಯಾವ ಛಂದಸ್ಸಿನಾಗ ಐತಿ? ಮಾತ್ರೆ ಎಣಿಸಿದ್ರ ಕೂಡವಲ್ದು

ನವಲೂರ ಪೇರಲ
ಎಲ್ಲಾರಿಗೂ ಶರಣು. ಕೆಳಗ ಹಾಕಿದ ಕವಿತಿ ಹೊಸದು, ಎಲ್ಲೂ ಅಚ್ಚಾಗಿಲ್ಲ. ಬರದವರ ಒಪ್ಪಿಗಿ ಐತಿ, ಹೆಸರಷ್ಟು ಬ್ಯಾಡಂದಾರ. ಒಬ್ಬರು ಇದನ್ನ ಭಾಮಿನಿ ಷಟ್ಪದಿ ಅಂತಾರ, ಇನ್ನೊಬ್ಬರು ಬರೇ ಮುಕ್ತಛಂದ ಅಂತಾರ. ಓದಾಕ ಕುಂತ್ರ ಎಲ್ಲೂ ಎಡವೂದಿಲ್ಲ, ಎಣಸಾಕ ಕುಂತ್ರ ಕೂಡವಲ್ದು.

ಬಿಸಿಲ ಸಂತಿಗೆ ನೆರಳ ಮಾರಲು
ಬಂತು ಮೋಡದ ಮೂಟಿ
ತೂಕ ಮಾಡತದ ಗಾಳಿ ತಕ್ಕಡಿ
ಹನಿಗೆ ಹನಿಯೇ ಸಾಟಿ

ಕರಿಯ ಮಣ್ಣಿನ ಕಿಸೆಯ ತಳದಾಗ
ಬಿತ್ತು ನಾಕಾಣಿ
ಇನ್ನು ಯಾರದ ಉದ್ರಿ ಕೇಳಲಿ
ನಿಂತು ನೋಡತದ ಓಣಿ

ಒಂದು ಹನಿ,
ಬರೇ ಒಂದು,
ಛತ್ರಿಯ ಅಂಚಿನಿಂದ ಜಾರಿ
ಲೆಕ್ಕ ತಪ್ಪಿಸಿತು.

ಮೊದಲ ಎಂಟು ಸಾಲಿಗೆ ನನಗ ಸಿಕ್ಕ ಮಾತ್ರೆ (ಲಘು ಅಕ್ಷರಕ್ಕ ಒಂದು, ಗುರುವಿಗೆ ಎರಡು): 14, 10, 15, 10, 15, 8, 14, 11. ಕಡೀ ನಾಕು ಸಾಲಿಗೆ 5, 6, 13, 8. ಇದರಾಗ ಏನರ ಕಟ್ಟು ಐತೋ, ಅಥವಾ ಕವಿ ಕೈಗೆ ಬಂದಂಗ ಬರದಾರೋ? ಬಲ್ಲವರು ಬಿಡಿಸಿ ಹೇಳ್ರಿ.

ವಿದ್ಯಾನಗರ ಬಿ.ಎ.
ಅಕ್ಷರಗಣದ ಸೂತ್ರ ಯಮಾತಾರಾಜಭಾನಸಲಗಂ ಹಾಕಿ ನೋಡ್ರಿ ಸರ್. ಮೊದಲನೇ ಸಾಲು ನಗಣ, ಭಗಣ, ನಗಣ, ಭಗಣ. ಭಾಳ ಚಂದ ಕುಂತದ. ಯಾವುದೋ ವೃತ್ತ ಇರಬೇಕು.

ಗದುಗಿನ ಓದುಗ
ತಮ್ಮಾ, ಪರೀಕ್ಷಾದಾಗ ಹಿಂಗ ಬರದಿ ಅಂದ್ರ ಅಂಕ ಹೋಗ್ತಾವ. ವೃತ್ತ ಅನ್ನಬೇಕಂದ್ರ ನಾಕೂ ಪಾದದಾಗ ಅಕ್ಷರದ ಸಂಖ್ಯಾ ಒಂದ ಇರಬೇಕು, ಲಘು-ಗುರು ಬರೂ ಜಾಗಾನೂ ಒಂದ ಇರಬೇಕು. ಇಲ್ಲಿ ಮೊದಲನೇ ಸಾಲಿನಾಗ 12 ಅಕ್ಷರ. ‘ಇನ್ನು ಯಾರದ ಉದ್ರಿ ಕೇಳಲಿ’ ಎಣಿಸು, 10 ಅಕ್ಷರ. ಆದರ ಎರಡರದೂ ಮಾತ್ರೆ 14. ಅಕ್ಷರ ಬದಲಾಗಿ ಮಾತ್ರೆ ನಿಂತ್ರ ಅದು ಮಾತ್ರಾಗಣದ ಪದ್ಯ. ಅಲ್ಲಿಗೆ ಯಮಾತಾರಾಜ ಬದಿಗಿಡು.

ಇನ್ನ ಪೇರಲ ಅವರ, ನಿಮ್ಮ ಮೊದಲನೇ ಸಾಲು ಹಿಂಗ ಒಡೀರಿ:

ಬಿಸಿಲ (3) | ಸಂತಿಗೆ (4) | ನೆರಳ (3) | ಮಾರಲು (4)
ಬಂತು (3) | ಮೋಡದ (4) | ಮೂಟಿ (3)

ಮೂರು-ನಾಕು, ಮೂರು-ನಾಕು. ಇದು ಭಾಮಿನಿಯ ನಡಿಗಿ ಅನ್ನೂದು ಖರೆ. ಭಾಮಿನಿ *ಷಟ್ಪದಿ* ಅಂದವರು ಮಾತ್ರ ಅರ್ಧಕ್ಕ ನಿಂತಾರ. ಷಟ್ಪದಿಗೆ ಆರು ಪಾದ ಬೇಕು. ಒಂದು, ಎರಡು, ನಾಕು, ಐದನೇ ಪಾದಕ್ಕ 14 ಮಾತ್ರೆ. ಮೂರನೇ ಮತ್ತ ಆರನೇ ಪಾದಕ್ಕ ಒಂದೂವರೆ ಪಟ್ಟು ಆಗಿ ಮ್ಯಾಲೊಂದು ಗುರು, ಅಂದ್ರ 21 ಕೂಡ 2, ಒಟ್ಟು 23. ಪೂರಾ ಪದ್ಯಕ್ಕ 102. ನಮ್ಮ ಕುಮಾರವ್ಯಾಸನ ಮೊದಲ ಪದ್ಯದ ಅರ್ಧ ತಗೋರಿ:

ಶ್ರೀವ | ನಿತೆಯರ | ಸನೆವಿ | ಮಲರಾ
ಜೀವ | ಪೀಠನ | ಪಿತನೆ | ಜಗಕತಿ
ಪಾವ | ನನೆಸನ | ಕಾದಿ | ಸಜ್ಜನ | ನಿಕರ | ದಾತಾ | ರ

ಕಡೀ ‘ರ’ ಪಾದಾಂತದಾಗ ಐತಿ ಅಂತ ಗುರು ಆಗ್ತದ. ಎರಡು ಸಂಗತಿ ನೋಡ್ರಿ. ‘ರಾಜೀವ’ ಅನ್ನೂ ಪದ ಒಂದನೇ ಪಾದದ ಕಡೀಗೆ ಹರದು ಎರಡನೇದಕ್ಕ ಹೋಗೇದ, ಅದಕ್ಕ ಯಾರೂ ತಕರಾರು ಮಾಡೂದಿಲ್ಲ. ಮೂರೂ ಪಾದದ ಎರಡನೇ ಅಕ್ಷರ ‘ವ’, ಅದು ಆದಿಪ್ರಾಸ. ನಿಮ್ಮ ಕವಿತಿಯೊಳಗ ಆದಿಪ್ರಾಸ ಇಲ್ಲ, ಅಂತ್ಯಪ್ರಾಸ ಐತಿ: ಮೂಟಿ-ಸಾಟಿ, ನಾಕಾಣಿ-ಓಣಿ. ಗೋವಿಂದ ಪೈಗಳು 1911ರಾಗ ಆದಿಪ್ರಾಸ ಬಿಟ್ಟ ಮ್ಯಾಲ ಹೊಸಗನ್ನಡದಾಗ ಅದು ಇಲ್ಲ ಅಂತ ಯಾರನ್ನೂ ಬೈಯೂ ಹಂಗಿಲ್ಲ. ಹಂಗಾಗಿ ಇದರ ಹೆಸರು: ಭಾಮಿನಿಯ ಲಯದ ಚೌಪದಿ, 14-10-14-10.

ನವಲೂರ ಪೇರಲ
14-10-14-10 ಆದ್ರ 15, 15, 8, 11 ಎಲ್ಲಿಂದ ಬಂದ್ವು ಸರ್? ಅದ ನನ್ನ ತಲಿಬ್ಯಾನಿ.

ಸಪ್ತಾಪುರದ ಮಾಸ್ತರ
ಮೂರನೇ ಸಾಲು, ಎಂಟನೇ ಸಾಲು ಎರಡಕ್ಕೂ ರೋಗ ಒಂದ. ಬರದದ್ದು ‘ಮಾಡತದ’, ‘ನೋಡತದ’. ಹಂಗ ಅಕ್ಷರ ಬಿಡಿಸಿ ಧಾರವಾಡದಾಗ ಯಾರ ಮಾತಾಡ್ತಾರ್ರೀ? ಬಾಯಾಗ ಬರೂದು ‘ಮಾಡ್ತದ’, ‘ನೋಡ್ತದ’. ಹಂಗ ಓದಿ ಎಣಿಸ್ರಿ:

ತೂಕ (3) | ಮಾಡ್ತದ (4) | ಗಾಳಿ (3) | ತಕ್ಕಡಿ (4)
ನಿಂತು (3) | ನೋಡ್ತದ (4) | ಓಣಿ (3)

‘ಮಾ’ ದೀರ್ಘ, ಅದು ಮೊದಲ ಗುರು. ಅದರ ಬೆನ್ನಿಗೆ ಅರೆ ‘ಡ್’ ಬಂದು ಕುಂತ್ರೂ ಅದು ಮೂರು ಮಾತ್ರೆ ಆಗೂದಿಲ್ಲ, ಎರಡ. ‘ಮಾಡತದ’ ಅಂದ್ರ 2+1+1+1, ಐದು. ‘ಮಾಡ್ತದ’ ಅಂದ್ರ 2+1+1, ನಾಕು. ಒಂದು ಮಾತ್ರೆ ಉಳೀತು.

ಇದರಾಗ ಒಂದು ಗುಟ್ಟು ಐತಿ, ನಮ್ಮ ಕಡೆ ಭಾಷಾದಾಗ ಬರಿಯೋರೆಲ್ಲ ಗೊತ್ತಿಟ್ಟುಕೋಬೇಕು. ಹ್ರಸ್ವದ ಮುಂದ ಸ್ವರ ಬಿದ್ದು ಹೋದ್ರ ಮಾತ್ರೆ ಬದಲಾಗೂದಿಲ್ಲ: ‘ಬರತದ’ 1+1+1+1, ‘ಬರ್ತದ’ 2+1+1, ಎರಡೂ ನಾಕ. ಎರಡು ಲಘು ಕೂಡಿ ಒಂದು ಗುರು ಆತು, ಅಷ್ಟ. ದೀರ್ಘದ ಮುಂದ ಬಿದ್ರ ಒಂದು ಮಾತ್ರೆ ಖೋತಾ. ಅದಕ್ಕ ‘ಬರತಾನ’ ಅಂತ ಬರದು ಪಾರಾಗಬಹುದು, ‘ಮಾಡತಾನ’ ಅಂತ ಬರದು ಪಾರಾಗಾಕ ಬರೂದಿಲ್ಲ. ಓದೋರು ಅಚ್ಚಿನಾಗ ಇದ್ದಂಗ ಓದಿದ್ರ ಗಣ ಒಡೀತದ.

ಬ್ಯಾಡಗಿ ಕಡ್ಡಿ
‘ಮಾಡ್ತದ’ ಏನ್ರೀ, ಅದು ನಿಮ್ಮ ಪ್ಯಾಟಿ ಮಂದಿ ಮಾತು. ನಮ್ಮಲ್ಲೆ ‘ಮಾಡ್ತೈತಿ’. ಅದನ್ನ ಹಾಕಿ ಎಣಿಸ್ರಿ ನೋಡೂಣು.

ಸಪ್ತಾಪುರದ ಮಾಸ್ತರ
2+2+1, ಐದು. ಮತ್ತ ಒಡೀತು. ಬ್ಯಾಡಗಿಯವರು ಬರೀಬೇಕಂದ್ರ ಐದರ ಲಯ ಹಿಡೀರಿ, ‘ಮಾಡ್ತೈತಿ ನೋಡ್ತೈತಿ’ ಅಂತ ತಾನ ಓಡ್ತದ.

ಬ್ಯಾಡಗಿ ಕಡ್ಡಿ
ಆತು. ಖಾರ ನಮ್ಮದು, ಮಾತ್ರೆ ನಿಮ್ಮದು.

ಮೈಸೂರು ಕಡೆಯವ
ಒಂದು ಆಕ್ಷೇಪ. ಪದ್ಯ ಹೇಗೆ ಅಚ್ಚಾಗಿದೆಯೋ ಹಾಗೆಯೇ ಪ್ರಸ್ತಾರ, ಅಂದರೆ ಲಘು-ಗುರು ಗುರುತು, ಹಾಕಬೇಕಲ್ಲವೆ? ನಮಗೆ ಬೇಕಾದ ಹಾಗೆ ಸ್ವರ ನುಂಗಿ ಓದುತ್ತಾ ಹೋದರೆ ಯಾವ ಗದ್ಯವನ್ನಾದರೂ ಭಾಮಿನಿ ಮಾಡಿಬಿಡಬಹುದು.

ಸಪ್ತಾಪುರದ ಮಾಸ್ತರ
ಬೇಕಾದಂಗ ನುಂಗೂದಲ್ಲರೀ ಸರ್. ಆ ಊರಿನ ಮಾತಿನಾಗ ದಿನಾ ಬೀಳೂ ಸ್ವರ ಬೀಳಬಹುದು, ಉಳಿದದ್ದು ಬೀಳಿಸೂ ಹಂಗಿಲ್ಲ. ‘ಮೋಡದ’ ಅನ್ನೂದನ್ನ ‘ಮೋಡ್ದ’ ಅಂತ ಓದಿ ಮೂರು ಮಾತ್ರೆ ಮಾಡ್ತೀನಿ ಅಂದ್ರ ನಾನೂ ಒಪ್ಪೂದಿಲ್ಲ. ಲಘು-ಗುರು ಅನ್ನೂದು ಉಚ್ಚಾರದ ಹೊತ್ತಿನ ಅಳತಿ, ಲಿಪಿಯ ಅಳತಿ ಅಲ್ಲ. ಹಳಗನ್ನಡದ ಶಿಥಿಲದ್ವಿತ್ವ ಮತ್ತೇನು? ಕಣ್ಣಿಗೆ ಒತ್ತಕ್ಷರ ಕಾಣ್ತದ, ನಾಲಿಗಿ ತೇಲಿಸಿ ಓದ್ತದ, ಹಿಂದಿನ ಅಕ್ಷರ ಲಘುವಾಗೇ ಉಳೀತದ.

ಆದರೂ ನಿಮ್ಮ ಮಾತಿನಾಗ ಒಂದು ನ್ಯಾಯ ಐತಿ: ಕವಿ ಹೆಂಗ ಓದಬೇಕಂತಾರೋ ಹಂಗ ಬರದು ಕೊಡಬೇಕು. ಅಚ್ಚಿಗೆ ಕೊಡೂವಾಗ ‘ಮಾಡ್ತದ’ ಅಂತ ಒತ್ತು ಹಾಕ್ರಿ ಅಂತ ಹೇಳ್ರಿ ಪೇರಲ ಅವರ.

ವಿದ್ಯಾನಗರ ಬಿ.ಎ.
ಐದನೇ ಸಾಲು 15, ಆರನೇದು 8. ಕೂಡಿಸಿದ್ರ 23!! ಭಾಮಿನಿಯ ಮೂರನೇ ಪಾದ ಅಲ್ಲೇನ್ರಿ ಇದು? ಕವಿ ಉದ್ದನ ಪಾದ ಮುರದು ಎರಡು ಸಾಲು ಮಾಡ್ಯಾರ!

ಗದುಗಿನ ಓದುಗ
ಶಹಬ್ಬಾಸ್, ಕಣ್ಣು ಚುರುಕೈತಿ. ಈಗ ಗಣ ಹಾಕು.

ಕರಿಯ | ಮಣ್ಣಿನ | ಕಿಸೆಯ | ತಳದಾ | ಗಬಿತ್

ಇಲ್ಲೀ ಮಟಾ 3, 4, 3, 4, 3. ಮುಂದ ನಾಕು ಬೇಕು. ‘ತು’ ಒಂದು, ‘ನಾ’ ಎರಡು, ಮೂರಾತು. ಮುಂದಿನದು ‘ಕಾ’, ಅದು ಗುರು. ಹಾಕಿದ್ರ ಐದು, ಬಿಟ್ರ ಮೂರು. ಗುರುವನ್ನ ನಡುವ ಸೀಳಾಕ ಬರೂದಿಲ್ಲ. ಅಲ್ಲಿಗೆ ಮುಗೀತು. ಮೊತ್ತ ಕೂಡಿದ್ರ ಛಂದಸ್ಸು ಕೂಡಿತು ಅಂತ ಅಲ್ಲ ತಮ್ಮಾ. ಹನ್ನೆರಡು ಅಂದ್ರ ಮೂರರ ನಾಕು ಗಣಾನೂ ಆಗ್ತದ, ನಾಕರ ಮೂರು ಗಣಾನೂ ಆಗ್ತದ. ಇಪ್ಪತ್ತು ಅಂದ್ರ ಐದರ ನಾಕೋ, ನಾಕರ ಐದೋ? ಹದಿನಾಕು ಇನ್ನೂ ಮೋಸದ್ದು: 3-4-3-4 ಒಂದು, 5-5-4 ಇನ್ನೊಂದು. ಪದ ಎಲ್ಲಿ ಮುಗೀತದ, ಕಿವಿ ಎಲ್ಲಿ ಪೆಟ್ಟು ಕೇಳ್ತದ, ಅದರ ಮ್ಯಾಲ ತೀರ್ಮಾನ.

ತಬಲಾ ಧಾರವಾಡ
ಎಣಿಸೂದಕ್ಕಿಂತ ಮೊದಲು ಬಾರಿಸಿ ನೋಡ್ರಿ ಅಂತ ನನ್ನ ಸಲಹಾ. 14 ಮಾತ್ರೆ, 3+4+3+4. ಇದು ನಮ್ಮಲ್ಲಿ ದೀಪಚಂದಿ ಠೇಕಾ: ಧಾ ಧಿಂ – | ಧಾ ಧಾ ತಿಂ – | ತಾ ತಿಂ – | ಧಾ ಧಾ ಧಿಂ –. ಮೊದಲನೇ ಸಾಲು ಒಂದು ಆವರ್ತನಕ್ಕ ಬರೋಬ್ಬರಿ ಕೂಡತದ. ಎರಡನೇ ಸಾಲು ‘ಬಂತು ಮೋಡದ ಮೂಟಿ’ 10 ಮಾತ್ರೆಗೆ ಮುಗಿದು, ಕಡೀ ನಾಕು ಮಾತ್ರೆ ಖಾಲಿ ಉಳೀತಾವ. ಆ ಖಾಲಿ ನಾಕನ್ನ ಓದೋರು ಬಿಡಬೇಕು. ಕವಿಗೋಷ್ಠಿಯೊಳಗ ಗಡಬಡಿಸಿ ಮುಂದಿನ ಸಾಲಿಗೆ ಹಾರತಾರ, ಹಂಗಾಗಿ ಚಂದ ಪದ್ಯಾನೂ ಕುಂಟಿದಂಗ ಕೇಳ್ತದ.

ತಬಲಾ ಬ್ಯಾಡಂದ್ರ ಕೈಯಾಗ ಹಿಡೀರಿ. ಮೂರರ ಮೊದಲ ಮಾತ್ರೆಗೆ ತೊಡಿ ಮ್ಯಾಲ ಒಂದು ಪೆಟ್ಟು, ನಾಕರ ಮೊದಲ ಮಾತ್ರೆಗೆ ಇನ್ನೊಂದು. ಪೆಟ್ಟಿಗೂ ಪೆಟ್ಟಿಗೂ ನಡುವಿನ ಹೊತ್ತು ಒಮ್ಮೆ ಗಿಡ್ಡ, ಒಮ್ಮೆ ಉದ್ದ. ಈ ಕವಿತಿಯೊಳಗ ಪ್ರತಿ ಪೆಟ್ಟಿಗೂ ಹೊಸಾ ಪದ ಸುರು ಆಗ್ತದ, ಬಿಸಿಲ-ಸಂತಿಗೆ-ನೆರಳ-ಮಾರಲು. ಅದಕ್ಕ ಓದಾಕ ಹಗುರ. ಕುಮಾರವ್ಯಾಸನ ಸಾಲಿನಾಗ ‘ಶ್ರೀವ-ನಿತೆಯರ’ ಅಂತ ಪದ ಒಂದು ಕಡೆ, ಪೆಟ್ಟು ಒಂದು ಕಡೆ. ಅಲ್ಲಿ ಎಳೆದಾಟ ಹೆಚ್ಚು, ಹಂಗ ಬಲಾನೂ ಹೆಚ್ಚು. ಹೊಸಬರು ಪದಕ್ಕೊಂದು ಗಣ ಮಾಡಿ ಮಾಡಿ ಎಂಟು ಸಾಲು ಬರದ್ರ ಮಗ್ಗಿ ಹೇಳಿದಂಗ ಆಗ್ತದ. ಈ ಕವಿಗೂ ಆ ಗಂಡಾಂತರ ಐತಿ ಅಂತ ನನ್ನ ಅಭಿಪ್ರಾಯ.

ಲಕ್ಕುಂಡಿ ಕಲ್ಲು
ಮಗ್ಗಿ ಅನ್ನೂದು ಸಂತಿ ಪದ್ಯಕ್ಕ ಸರಿಯಾತಲ್ಲರಿ. ತೂಕ, ತಕ್ಕಡಿ, ಸಾಟಿ, ಉದ್ರಿ, ನಾಕಾಣಿ, ಎಲ್ಲಾ ಲೆಕ್ಕದ ಮಾತು. ಲಯಾನೂ ಲೆಕ್ಕ ಹಿಡದ ನಡೀತದ. ಕಡೀ ನುಡಿಯೊಳಗ ‘ಲೆಕ್ಕ ತಪ್ಪಿಸಿತು’ ಅನ್ನೂ ಹೊತ್ತಿಗೆ ಲಯಾನೂ ತಪ್ಪತದ. ರೂಪ ನೋಡೂದು ಅಂದ್ರ ಇದನ್ನ ನೋಡೂದು. ಬರೇ 14, 10 ಅಂತ ಬರದು ಕೆಳಗ ಗೆರಿ ಎಳದ್ರ ಏನ್ ಬಂತು?

ಮೈಸೂರು ಕಡೆಯವ
ಒಪ್ಪಿದೆ. ಆದರೆ ಹಾಗಾದರೆ ಐದನೇ ಸಾಲಿನಲ್ಲೇ ಲೆಕ್ಕ ಒಂದು ಮಾತ್ರೆ ಮೀರಿದೆಯಲ್ಲ? ಕೊನೆಯಲ್ಲಿ ತಪ್ಪಬೇಕಾದ ಲೆಕ್ಕ ನಡುವೆಯೇ ತಪ್ಪಿದರೆ ಕೊನೆಯ ಪೆಟ್ಟಿಗೆ ಬೆಲೆ ಇರುವುದಿಲ್ಲ.

ಸಪ್ತಾಪುರದ ಮಾಸ್ತರ
ಇದು ಚಲೋ ಪ್ರಶ್ನೆ. ‘ತಳದಾಗ’ 1+1+2+1, ಐದು. ಬೇಕಾಗಿದ್ದು ನಾಕು. ಹಾದಿ ಮೂರವ.

ಒಂದು, ‘ತಳದಾಗ್’ ಅಂತ ಅರೆ ವ್ಯಂಜನಕ್ಕ ನಿಲ್ಲಿಸೂದು. ಮಾತಿನಾಗ ನಾವು ಹಂಗ ನಿಲ್ಲಿಸ್ತೀವಿ, ‘ಮನ್ಯಾಗ್ ಅದಾನ’ ಅಂದಂಗ. ‘ದಾಗ್’ ಒಂದ ಗುರು, ಒಟ್ಟು ನಾಕು. ಲೆಕ್ಕ ಕೂಡಿತು. ಸಾಲಿನ ಕಡೀಗೆ ಅರೆ ವ್ಯಂಜನ ನಿಂತ್ರ ಮುಂದಿನ ‘ಬಿತ್ತು’ ತಟಕ್ಕನ ಬಿದ್ದಂಗ ಕೇಳ್ತದ, ಅದೂ ಲಾಭ.

ಎರಡು, ‘ತಳದಲಿ’ ಅನ್ನೂದು. ಲೆಕ್ಕಕ್ಕ ನಾಕು ಸರಿ. ಆದರ ‘ಮೂಟಿ, ಉದ್ರಿ, ಮಾಡ್ತದ’ ನಡುವ ‘ತಳದಲಿ’ ಬಂದ್ರ ಪುಸ್ತಕದ ಮಾತು ಬಂದು ಕುಂತಂಗ ಆಗ್ತದ. ಆ ಲೆಕ್ಕಕ್ಕ ಮೊದಲ ಸಾಲಿನ ‘ಮಾರಲು’ ಅನ್ನೂದೂ ಪುಸ್ತಕದ್ದ, ನಮ್ಮಲ್ಲೆ ‘ಮಾರಾಕ’. 2+2+1, ಐದು ಆಗ್ತದಂತ ಕವಿ ಹೊಳ್ಳ್ಯಾರ.

ಮೂರು, ‘ಕಿಸೆಯ ಒಳಗಡೆ’. ನಾಕು ಮಾತ್ರೆ, ಮಾತೂ ಸಹಜ, ಆದರ ತಳ ಹೋತು. ತಳ ಇದ್ರ ಕಿಸೆ ಬರಿದಾಗಿತ್ತು ಅನ್ನೂದು ತಿಳೀತದ.

ನನ್ನ ಮತ ಒಂದನೇದಕ್ಕ.

ವಿದ್ಯಾನಗರ ಬಿ.ಎ.
‘ಕಿಸೆಯ ತಳಕ್ಕ’ ಅಂದ್ರ? 1+2+1, ನಾಕು.

ಗದುಗಿನ ಓದುಗ
ಜೋರಾಗಿ ಓದಿ ನೋಡು. ‘ಕರಿಯ ಮಣ್ಣಿನ ಕಿಸೆಯ ತಳಕ್ಕ.’ ಕಾಲು ತಡವರಸ್ತದೋ ಇಲ್ಲೋ? ಗಣದ ಸುರುವಿಗೆ ಒಂದು ಲಘು ಬಂದು ಅದರ ಬೆನ್ನಿಗೆ ಗುರು ಬರಬಾರದು. ಲಗಾದಿ ಅಂತಾರ. ಪೆಟ್ಟು ಬೀಳೂದು ‘ತ’ ಮ್ಯಾಲ, ಭಾರ ಇರೂದು ‘ಳಕ್’ ಮ್ಯಾಲ. ಪೆಟ್ಟೊಂದು ಕಡೆ, ಭಾರೊಂದು ಕಡೆ. ಷಟ್ಪದಿ ಬರಿಯಾಕ ಕುಂತ ಹೊಸಬರು ಮಾತ್ರೆ ಸರಿ ಹಾಕಿ ಎಡವೂ ಜಾಗಾ ಇದ. ಬರದ ಮ್ಯಾಲ ಪ್ರತಿ ಗಣದ ಮೊದಲ ಎರಡು ಅಕ್ಷರ ಮಾತ್ರ ನೋಡ್ಕೋತ ಹೋಗು, ಲಘು-ಗುರು ಕಂಡಲ್ಲೆ ಪದ ಬದಲಿ ಮಾಡು.

ಹಾವೇರಿ ಯಾಲಕ್ಕಿ
ಎಲ್ಲಾರೂ ಆರನೇ ಸಾಲು ಬಿಟ್ಟ ಹೊಂಟೀರಿ. ‘ಬಿತ್ತು ನಾಕಾಣಿ’ 8 ಮಾತ್ರೆ. ಉಳಿದ ಸಣ್ಣ ಸಾಲೆಲ್ಲ 10. ಇದಕ್ಕೇನಂತೀರಿ?

ತಬಲಾ ಧಾರವಾಡ
ಬಿತ್ತು (3) | ನಾಕಾ (4) | ಣಿ. ಕಡೀ ‘ಣಿ’ ಎಳದ್ರ ಮೂರಾಗ್ತದ. ಕರ್ಷಣ ಅಂತ ಇದಕ್ಕ. ಹಾಡೂವಾಗ ದಿನಾ ಮಾಡೂದ.

ಹಾವೇರಿ ಯಾಲಕ್ಕಿ
ಹಾಡೂವಾಗ ಸರಿ, ಓದೂವಾಗ ‘ನಾಕಾಣೀಈ’ ಅಂತ ಎಳದ್ರ ಮಂದಿ ನಗ್ತಾರ. ಅದೂ ಅಲ್ಲದ ಈ ಕವಿತಿಯೊಳಗ ಎಲ್ಲಾ ಕಡೆ ಗಣಕ್ಕೊಂದು ಪದ ಐತಿ ಅಂತ ನೀವ ಹೇಳಿದ್ರಿ. ಇಲ್ಲೊಂದ ಯಾಕ ‘ನಾಕಾ | ಣಿ’ ಅಂತ ಹರೀಬೇಕು?

ನಾ ಬ್ಯಾರೆ ಹಾದಿ ಹೇಳ್ತೀನಿ. ಪದ ಹರೀದಂಗ ಬಿಡ್ರಿ: ಬಿತ್ತು (3) | ನಾಕಾಣಿ (5). ಈ ಮೂರು-ಐದರ ನಡಿಗಿ ಹಾವೇರಿ ಜಿಲ್ಲಾದವರಿಗೆ ರಕ್ತದಾಗ ಐತಿ. ತ್ರಿಪದಿಯ ಕಡೀ ಸಾಲು ನೆನಸ್ರಿ:

ಪರ್ವತವೆ (5) | ಆದ (3) | ಸರ್ವಜ್ಞ (5)

‘ಆದ ಸರ್ವಜ್ಞ’, ‘ಬಿತ್ತು ನಾಕಾಣಿ’. ‘ಸರ್ವಜ್ಞ’ ಅಂದ್ರ ಗುರು-ಗುರು-ಲಘು, ‘ನಾಕಾಣಿ’ ಅಂದ್ರೂ ಗುರು-ಗುರು-ಲಘು. ಅಳತಿ ಹಚ್ಚಿ ಕೊಯ್ದಂಗ ಐತಿ. ತ್ರಿಪದಿಯೊಳಗ ಒಟ್ಟು 11 ಗಣ, ಸಾಲಿಗೆ 4, 4, 3. ಅದರಾಗ ಆರನೇದು, ಹತ್ತನೇದು ಬ್ರಹ್ಮಗಣ, ಉಳಿದದ್ದೆಲ್ಲಾ ವಿಷ್ಣುಗಣ. ಹತ್ತನೇ ಬ್ರಹ್ಮಗಣ ಆಗಿ ಹನ್ನೊಂದನೇ ವಿಷ್ಣುಗಣಕ್ಕ ಪದ್ಯ ನಿಲ್ತದ. ಆ ನಿಲುಗಡಿನ ನಾಕಾಣಿ ಬಿದ್ದ ಸಪ್ಪಳ. ಹಂಗಾಗಿ 8 ಮಾತ್ರೆಗೆ ಸಾಲು ಪೂರ್ತಿ ಅನಸ್ತದ, ಎಳಿಯೂದು ಬೇಕಾಗಿಲ್ಲ.

ಮೈಸೂರು ಕಡೆಯವ
ಒಂದು ನಿಮಿಷ. ತ್ರಿಪದಿ ಅಂಶಗಣದ್ದು, ಈ ಕವಿತೆ ಮಾತ್ರಾಗಣದ್ದು. ವಿಷ್ಣುಗಣ ಅಂದ ಕೂಡಲೆ ಐದು ಮಾತ್ರೆ ಎಂದು ಹೇಗೆ ಹೇಳುತ್ತೀರಿ?

ಹಾವೇರಿ ಯಾಲಕ್ಕಿ
ಹೇಳಂಗಿಲ್ಲ, ಖರೆ. ವಿಷ್ಣುಗಣಕ್ಕ ಮೂರು ಅಂಶ. ಮೊದಲ ಅಂಶ ಒಂದು ಗುರು ಇಲ್ಲಾ ಎರಡು ಲಘು, ಉಳಿದೆರಡು ಅಂಶ ಗುರುನಾದ್ರೂ ಆಗಬಹುದು, ಲಘುನಾದ್ರೂ ಆಗಬಹುದು. ಅಂದ್ರ ನಾಕರಿಂದ ಆರು ಮಾತ್ರೆ ಮಟಾ, ಎಂಟು ರೂಪ. ಬ್ರಹ್ಮಗಣಕ್ಕ ಎರಡು ಅಂಶ, ಮೂರೋ ನಾಕೋ ಮಾತ್ರೆ, ನಾಕು ರೂಪ. ಆದರ ಕಾಲ ಸರದಂಗ ಅಂಶಗಣ ಮಾತ್ರೆಗೆ ಹೊಂದಿಕೊಂಡು, ಸರ್ವಜ್ಞನ ಹೊತ್ತಿಗೆ ವಿಷ್ಣು ಹೆಚ್ಚಾಗಿ ಐದಕ್ಕ, ಬ್ರಹ್ಮ ಮೂರಕ್ಕ ನಿಂತೈತಿ. ಅದ ಪದ್ಯದ ಎರಡನೇ ಸಾಲು ನೋಡ್ರಿ:

ಸರ್ವರೊಳ (5) | ಗೊಂದು (3) | ನುಡಿಗಲಿತು (5) | ವಿದ್ಯದ (4)

ಕೆಲವರು ‘ಸರ್ವರೊಳಗೊಂದೊಂದು ನುಡಿಗಲಿತು’ ಅಂತ ಹೇಳ್ತಾರಲ್ಲ, ಆ ಪಾಠ ಹಿಡದ್ರ ಆರನೇ ಗಣ ‘ಗೊಂದೊಂದು’ ಆಗಿ ಐದು ಮಾತ್ರೆ ಆಕ್ಕತಿ, ಬ್ರಹ್ಮಗಣದ ಜಾಗಾ ಹೋತು. ಅರ್ಥಕ್ಕ ‘ಒಂದೊಂದು’ ಚಲೋ ಅನಸ್ತದ, ಆದರ ತ್ರಿಪದಿಯ ಕುಣಿತ ಅಲ್ಲೇ ಇರೂದು, ಐದರ ನಡುವ ಸಟ್ಟನ ಮೂರು ಬರೂದ್ರಾಗ.

ತಬಲಾ ಧಾರವಾಡ
ಯಾಲಕ್ಕಿಯವರ ಓದು ನನ್ನದಕ್ಕಿಂತ ಚಲೋ ಐತಿ. ಆದರ ತಾಳಕ್ಕ ಕೂಡಸ್ರಿ ಅಂದ್ರ 8 ಆದ ಮ್ಯಾಲ 6 ಖಾಲಿ ಬಿಡಬೇಕಾಗ್ತದ. ಅಷ್ಟು ಉದ್ದ ಮೌನ ಓದೂವಾಗ ಹಿಡಿಯೂದು ಸಣ್ಣ ಮಾತಲ್ಲ.

ಉಣಕಲ್ ದಂಡಿ
ಮೌನ ಗೀನ ಇರಲಿ, ನಾಕಾಣಿ ಎಲ್ಲೈತ್ರೀ ಈಗ? 2011ರ ಜೂನ್ 30ಕ್ಕ ಇಪ್ಪತ್ತೈದು ಪೈಸೆ ಚಲಾವಣಿಯಿಂದ ಹೋತು. ಹೊಸಾ ಕವಿತಿ ಅಂತೀರಿ, ಸತ್ತ ನಾಣ್ಯ ತಂದೀರಿ.

ಬ್ಯಾಡಗಿ ಕಡ್ಡಿ
ಕರಿ ಮಣ್ಣಿಗೆ ಒಂದ ಹನಿ ಮಳಿ ಬಿದ್ರ ಏನ್ ಉಪಯೋಗ ಐತಿ? ಚಲಾವಣಿ ಇಲ್ಲದ ನಾಣ್ಯದಷ್ಟ. ಕವಿ ಸರಿ ಬರದಾರ.

ಉಣಕಲ್ ದಂಡಿ
ಆಂ, ಅದೂ ಖರೆ. ವಾಪಸ್ ತಗೊಂಡೆ.

ಲಕ್ಕುಂಡಿ ಕಲ್ಲು
ಮೂರನೇ ನುಡಿಗೆ ಬರೂಣ್ರಿ. ಇದು ಬರೇ ಮುಕ್ತಛಂದ ಅಂತ ಎಲ್ಲಾರೂ ಒಪ್ಪಿದಂಗ ಐತಿ. ನಾ ಒಪ್ಪೂದಿಲ್ಲ. ಸಾಲು ಮರತು ಒಂದ ಉಸುರಿನಾಗ ಓದ್ರಿ:

ಒಂದು ಹನಿ | ಬರೇ ಒಂ | ದು ಛತ್ರಿಯ | ಅಂಚಿನಿಂ | ದ ಜಾರೀ | ಲೆಕ್ಕ ತಪ್ | ಪಿಸಿತು

‘ಜಾರಿ’ಯ ‘ರಿ’ ಸಾಲಿನ ಕಡೀಗೆ ಐತಿ, ಗುರು ತಗೋಬಹುದು. 5, 5, 5, 5, 5, 5, ಕಡೀಗೆ 3 ಮಾತ್ರೆಯ ಮುಡಿ. ಐದರ ಲಯ ಒಳಗ ಅಡಗೇದ! ನವ್ಯದವರ ಮುಕ್ತಛಂದದ ತಳದಾಗೂ ಐದು ಮಾತ್ರೆ ಓಡ್ತದ ಅಂತ ಹೇಳೂದು ಕೇಳೀರಲ್ಲ.

ನವಲೂರ ಪೇರಲ
ಅಬಾ! ಇದು ಗೊತ್ತ ಆಗಿದ್ದಿಲ್ಲ.

ಗದುಗಿನ ಓದುಗ
ಅಬಾ ಅನಬ್ಯಾಡ್ರಿ, ತಡೀರಿ. ಕಾಗದದ ಮ್ಯಾಲ ಕೂಡೇದ, ಅನುಮಾನಿಲ್ಲ. ಆದರ ‘ಬರೇಒಂ’ ಲಘು-ಗುರು ಸುರು. ‘ದುಛತ್ರಿಯ’ ಲಘು-ಗುರು ಸುರು. ‘ದಜಾರೀ’ ಲಘು-ಗುರು ಸುರು. ಆರು ಗಣದಾಗ ಮೂರು ಲಗಾದಿ. ಎರಡು ಕಡೆ ಪದ ಹರದು ಪೆಟ್ಟು ಒಂಟಿ ‘ದು’, ಒಂಟಿ ‘ದ’ ಮ್ಯಾಲ ಬೀಳ್ತದ. ‘ಬರೇ ಒಂದು’ ಆದ ಮ್ಯಾಲ ಅಲ್ಪವಿರಾಮ ಬ್ಯಾರೆ ಐತಿ, ಅಲ್ಲಿ ನಿಲ್ಲಬೇಕು ಅಂತ ಕವಿನ ಹೇಳ್ಯಾರ. ನಿಂತ್ರ ನಿಮ್ಮ ಮೂರನೇ ಗಣ ನಡುವ ಒಡೀತು. ಕಿವಿ ಇದರಾಗ ಐದು ಕೇಳೂದಿಲ್ಲ ಲಕ್ಕುಂಡಿಯವರ, ಪೆನ್ಸಿಲ್ ಕೇಳ್ತದ.

ನವ್ಯದವರ ಐದರ ಮಾತು ಹೇಳಿದ್ರಿ. ಅಲ್ಲಿ ಐದು ಐತಿ ಅಂತ ಅನಸೂದು ಗಣದ ಸುರುವಿಗೆ ಗಟ್ಟಿ ಅಕ್ಷರ ಬರೂದ್ರಿಂದ. ‘ಒಂದು ಹನಿ’, ‘ಅಂಚಿನಿಂ’, ‘ಲೆಕ್ಕ ತಪ್’, ಈ ಮೂರರಾಗ ಅದು ಐತಿ. ಉಳಿದ ಕಡೆ ಇಲ್ಲ.

ಲಕ್ಕುಂಡಿ ಕಲ್ಲು
ಮೂರರಾಗ ಐತಿ ಅಂತ ನೀವ ಅಂದ್ರಿ. ಹಂಗಾದ್ರ ಅರ್ಧ ಐದು, ಅರ್ಧ ಮಾತು. ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಬರದಾರ ಅಂತ ಯಾಕ ಅನಬಾರದು?

ಗದುಗಿನ ಓದುಗ
ಅಷ್ಟು ಅಂದ್ರ ಜಗಳಿಲ್ಲ. ‘ಐದರ ಛಂದಸ್ಸು’ ಅಂದ್ರ ಜಗಳ ಐತಿ.

ಸಪ್ತಾಪುರದ ಮಾಸ್ತರ
ಇನ್ನೊಂದು ಮಾತು ಸೇರಸ್ತೀನಿ. ಮೊದಲೆರಡು ನುಡಿಯೊಳಗ ಅಂತ್ಯಪ್ರಾಸ, ಮೂರನೇದರಾಗ ಪ್ರಾಸಾನ ಇಲ್ಲ. ಬದಲಿಗೆ ‘ಒಂದು’ ಎರಡು ಸಲ ಬಂದದ. ಮೊದಲೆರಡು ನುಡಿಯೊಳಗ ಯಾವ ಸಾಲಿನ ನಡುವೂ, ಕಡೀಗೂ ವಿರಾಮಚಿಹ್ನೆ ಇಲ್ಲ. ಮೂರನೇದರಾಗ ಎರಡು ಅಲ್ಪವಿರಾಮ, ಒಂದು ಪೂರ್ಣವಿರಾಮ. ಲಯ ತಾಳ ಕೊಡೂದು ಬಿಟ್ಟ ಮ್ಯಾಲ ನಿಲ್ಲೂ ಜಾಗಾ ಚಿಹ್ನೆ ತೋರಸಬೇಕಾತು. ಮುಕ್ತಛಂದದ ಸಾಲು ಎಲ್ಲಿ ಮುರೀಬೇಕು ಅನ್ನೂದಕ್ಕೂ ಕಾರಣ ಬೇಕು: ‘ಬರೇ ಒಂದು,’ ಅಂತ ಒಂಟಿ ಸಾಲು ಮಾಡಿದ್ದಕ್ಕ ಒಂಟಿತನ ಕಾಣ್ತದ. ಅದನ್ನ ಮ್ಯಾಲಿನ ಸಾಲಿಗೆ ಕೂಡಿಸಿ ಬರದ್ರ ಮಾತ್ರೆ ಅಷ್ಟ ಇರ್ತಾವ, ಕಾಣೂದು ಹೋಗ್ತದ.

ಹಾವೇರಿ ಯಾಲಕ್ಕಿ
ಮುಕ್ತಛಂದ ಅಂದ್ರ ಹರಕು ಗದ್ಯ ಅನ್ನೋರಿಗೆ ಇದನ್ನ ತೋರಸ್ಬೇಕು. ಕನ್ನಡಕ್ಕ ನವ್ಯ ತಂದವರಾಗ ಗೋಕಾಕರು ಮೊದಲಿಗರು, ಅವರೂ ನಮ್ಮ ಸವಣೂರಿನವರ, ಇರಲಿ ಹೇಳಿದೆ.

ಬ್ಯಾಡಗಿ ಕಡ್ಡಿ
ಸವಣೂರ ಎಲಿ ಮಾತ್ರ ಅಲ್ಲ, ಕವಿತಿನೂ ಕಳಸ್ತದ ಅನ್ರಿ.

ನವಲೂರ ಪೇರಲ
ಎಲ್ಲಾರಿಗೂ ಉಪಕಾರ. ಕವಿಗೆ ಕಳಸಾಕ ಹಿಂಗ ಬರಕೊಂಡೀನಿ, ತಪ್ಪಿದ್ರ ತಿದ್ದ್ರಿ: ಒಂದು, ಎರಡನೇ ನುಡಿ ಭಾಮಿನಿ ಲಯದ ಚೌಪದಿ. ‘ಮಾಡ್ತದ’, ‘ನೋಡ್ತದ’, ‘ತಳದಾಗ್’ ಅಂತ ಒತ್ತು ಹಾಕಿ ಬರೀಬೇಕು. ಆರನೇ ಸಾಲಿಗೆ ತ್ರಿಪದಿಯ 3+5. ಮೂರನೇ ನುಡಿ ಮುಕ್ತಛಂದ, ಅಲ್ಲಲ್ಲೆ ಐದು.

ತಬಲಾ ಧಾರವಾಡ
ಎರಡನೇ, ನಾಕನೇ ಸಾಲಿನ ಮುಂದ ನಾಕು ಮಾತ್ರೆ ನಿಲ್ಲಬೇಕು ಅಂತಾನೂ ಬರೀರಿ. ಓದೂ ಹೊತ್ತಿಗೆ ಅದ ಮರೀತಾರ.

ವಿದ್ಯಾನಗರ ಬಿ.ಎ.
ಕಡೀ ಒಂದು ಡೌಟ್ ಸರ್. ಮುಂದಿನ ಪದದ ಮೊದಲ ಅಕ್ಷರ ಒತ್ತಕ್ಷರ ಆದ್ರ ಹಿಂದಿನ ಪದದ ಕಡೀ ಅಕ್ಷರ ಗುರು ಆಗ್ತದೇನು? ‘ಬಂತು ಪ್ರೀತಿ’ ಅಂದ್ರ ‘ತು’ ಗುರುನೋ ಲಘುನೋ?

ಸಪ್ತಾಪುರದ ಮಾಸ್ತರ
ಸಂಸ್ಕೃತದ ವೃತ್ತದಾಗ ಗುರು. ಹೊಸಗನ್ನಡದಾಗ ಎರಡೂ ಪದ ಬಿಡಿ ಇದ್ರ, ನಡುವ ಉಸುರು ಬಿಟ್ಟು ಓದ್ತೀವಂದ್ರ ಲಘು. ಸಮಾಸ ಆಗಿ ಅಂಟಿದ್ರ ಗುರು. ‘ಬಂತು ಪ್ರೀತಿ’ ಲಘು, 3+3. ‘ದೇಶಪ್ರೇಮ’ದಾಗ ‘ಶ’ ಗುರು, 2+2+2+1, ಏಳು.

ಉಣಕಲ್ ದಂಡಿ
ಇಂಗ್ಲಿಷ್ ಶಬ್ದಕ್ಕ ಹೆಂಗರೀ? ‘ಚನ್ನಮ್ಮ ಸರ್ಕಲ್’ ಎಷ್ಟು ಮಾತ್ರೆ?

ಗದುಗಿನ ಓದುಗ
‘ಚನ್ನಮ್ಮ’ 2+2+1, ಐದು. ‘ಸರ್ಕಲ್’ 2+2, ನಾಕು. ‘ಸರ್ಕಲ್ಲು’ ಅಂತ ನಮ್ಮ ಬಾಯಾಗ ಬರೂ ಹಂಗ ಬರದ್ರ ಅದೂ ಐದು, ಐದೈದಕ್ಕ ಕೂಡತದ.

ಉಣಕಲ್ ದಂಡಿ
‘ಬಸ್ಟ್ಯಾಂಡ’?

ಗದುಗಿನ ಓದುಗ
2+2+1, ಅದೂ ಐದ. ‘ದುರ್ಗದ ಬೈಲು’ ಮಾತ್ರ 4+3, ಅದನ್ನ ಬ್ಯಾರೆ ಪದ್ಯಕ್ಕ ಇಟ್ಕೋರಿ.